ಪಾಪಪುಣ್ಯಗಳಾಚೆಯ ನಿಲವು

ಪಾಪವನ್ನು ತ್ಯಜಿಸಬೇಕೆಂಬುದು ಎಲ್ಲರೂ ಒಪ್ಪತಕ್ಕ ಮಾತು. ಪುಣ್ಯದ ಹಂಬಲವನ್ನೂ ತ್ಯಜಿಸಬೇಕೆಂದಾಗ ಮಾತ್ರ ಮನಸ್ಸು ಅಂಜುತ್ತದೆ. ಒಳಿತು ಕೆಡುಕುಗಳ ಗಡಿಯೇ ಅಳಿದರೆ ಸಂಸಾರವಾಗಲಿ ಸಮಾಜವಾಗಲಿ ಉಳಿಯುವುದೆಂತು ಎಂಬ ಶಂಕೆ ಸಹಜವಾದುದೇ. ಈ ಶಂಕೆಗೆ ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತ್ರೆಯಲ್ಲಿ ಉತ್ತರವಿದೆ.

ಸೊನ್ನಲಿಗೆಯೆಂದರೆ ಇಂದು ಮಹಾರಾಷ್ಟ್ರದಲ್ಲಿರುವ ಸೊಲ್ಲಾಪುರ. 12ನೆಯ ಶತಮಾನದಲ್ಲಿ ಸಿದ್ಧರಾಮರು ಅಲ್ಲಿ ಕೆರೆಯನ್ನು ತೋಡಿಸಿದರು, ಗುಡಿಗಳನ್ನು ಕಟ್ಟಿಸಿದರು. ಇಂತಹ ಲೋಕೋಪಕಾರಿಯ ಬಳಿಗೆ ಅಲ್ಲಮಪ್ರಭುಗಳು ಬಂದ ಪ್ರಸಂಗವನ್ನು, 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲಿಗೆ ಸಂಕಲಿಸಿದ ‘ಶೂನ್ಯಸಂಪಾದನೆ’ಯಲ್ಲಿ ಕಾಣುತ್ತೇವೆ. ಪ್ರಭುಗಳು ಕೆರೆಯ ಕೆಲಸಗಾರರೆದುರಿಗೇ ಅವರ ಗುರುವನ್ನು ಹಗುರವಾಗಿ ಹೆಸರಿಸಿ ಮಾತನಾಡಿದರು. ಕೆರಳಿದ ಜನರು ಕಲ್ಲೆಸೆದರು. ಸುದ್ದಿ ತಿಳಿದ ಸಿದ್ಧರಾಮರೂ ಕಡುಕೋಪದಿಂದ ಬಂದರು. ಲೋಕದ ನೀರಡಿಕೆಯನ್ನು ತಣಿಸಹೊರಟ ಮಹಾತ್ಮರಿಗೆ ಒಂದು ನಿಂದೆಯ ನುಡಿಯನ್ನು ತಾಳಿಕೊಳ್ಳುವುದು ಕಷ್ಟವಾಯಿತು. ಕೆರೆಯಲ್ಲಿ ಏನೂ ದೋಷವಿರಲಿಲ್ಲ. ‘ಇದು ನನ್ನಿಂದಾಯಿತು’ ಎಂಬ ಸೂಕ್ಷ್ಮವಾದ ಹಮ್ಮು ಅದರ ತಳದಲ್ಲಿ ಉಳಿದಿತ್ತು. ಪ್ರಭುಗಳ ಮಾತು ತಾಗಿದ್ದು ಅದಕ್ಕೆ. ಅನಂತರ ಸಿದ್ಧರಾಮರು ಕಲ್ಯಾಣಕ್ಕೆ ನಡೆದು ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರು. ಸೊಲ್ಲಾಪುರದಲ್ಲಿ ಸಿದ್ಧೇಶ್ವರ ದೇವಾಲಯವನ್ನು ಸುತ್ತುವರಿದ ಕೆರೆ ಇಂದಿಗೂ ಇದೆ. ಸತ್ಕಾರ್ಯ ಉಳಿಯಿತು, ಹಮ್ಮು ಅಳಿಯಿತು.

ಷಟ್‌ಸ್ಥಲದ ಕ್ರಮವೂ ಇದನ್ನೇ ಬೋಧಿಸುತ್ತದೆ. ಭಕ್ತಸ್ಥಲದಲ್ಲಿ ಶ್ರದ್ಧೆ, ಮಹೇಶಸ್ಥಲದಲ್ಲಿ ಪರಧನ ಪರಸತಿಗಳನ್ನು ಮನಸ್ಸಿನಿಂದಲೂ ಬಯಸದ ನಿಷ್ಠೆ. ಇಲ್ಲಿ ಒಳಿತು ಕೆಡುಕುಗಳ ವಿವೇಚನೆ ಅತ್ಯಂತ ಕಠಿಣವಾದುದು. ಇದನ್ನು ದಾಟಿದವನಿಗಷ್ಟೇ ಪ್ರಸಾದಿಸ್ಥಲ. ಅಲ್ಲಿ ಸುಖದುಃಖಗಳೆರಡನ್ನೂ, ಮಾಡಿದ ಕರ್ಮದ ಫಲವನ್ನೂ ಲಿಂಗಕ್ಕೆ ಅರ್ಪಿಸಿ, ಮರಳಿ ಬಂದುದನ್ನು ಪ್ರಸಾದವೆಂದು ಸ್ವೀಕರಿಸಬೇಕು. ಫಲವನ್ನೇ ಅರ್ಪಿಸಿದ ಮೇಲೆ ಪಾಪಪುಣ್ಯಗಳ ಲೆಕ್ಕ ಬರೆಯುವವನು ಯಾರು? ಆದುದರಿಂದ, ಮಹೇಶನ ನಿಷ್ಠೆಯಿಲ್ಲದೆ ‘ನಾನು ಪಾಪಪುಣ್ಯಗಳನ್ನು ಮೀರಿದವನು’ ಎನ್ನುವವನ ಮಾತು ಸ್ವೇಚ್ಛಾಚಾರದ ಮುಸುಕು ಮಾತ್ರ. ನಿಜವಾಗಿ ಮೀರಿದವನಿಗೆ ಸದಾಚಾರವು ಉಸಿರಾಟದಷ್ಟು ಸಹಜವಾಗಿರುತ್ತದೆ.

ಇದು ಮಠದ ಏಕಾಂತಕ್ಕೆ ಮೀಸಲಾದ ತತ್ತ್ವವಲ್ಲ. ನಮ್ಮ ಮನೆಗಳಲ್ಲಿ ಈ ಲೆಕ್ಕದ ಬುದ್ಧಿ ಎಷ್ಟು ನೋವನ್ನುಂಟುಮಾಡುತ್ತಿದೆಯೆಂಬುದನ್ನು ಯೋಚಿಸಬೇಕು. ಅಂಗವಿಕಲ ಶಿಶು ಹುಟ್ಟಿದರೆ ‘ಯಾವ ಜನ್ಮದ ಪಾಪವೋ’ ಎಂದು ಬಾಣಂತಿಯ ಕಿವಿಗೆ ಬೀಳುವಂತೆ ಆಡುವವರಿದ್ದಾರೆ. ಗಂಡನನ್ನು ಕಳೆದುಕೊಂಡ ಸೊಸೆಯನ್ನು ಮಂಗಲಕಾರ್ಯದ ದಿನ ಹಿಂದಕ್ಕೆ ನಿಲ್ಲಿಸುವವರಿದ್ದಾರೆ. ಹೀಗೆ ಮಾಡುವವರೇ ದಾಸೋಹಕ್ಕೆ ಕೊಟ್ಟ ಅಕ್ಕಿಯ ಮೂಟೆಗಳನ್ನು ಎಣಿಸಿ ಹೇಳಿಕೊಳ್ಳುವುದೂ ಉಂಟು. ತನ್ನ ಪುಣ್ಯವನ್ನು ಎಣಿಸುವವನು ಪರರ ಪಾಪವನ್ನೂ ಎಣಿಸದೆ ಬಿಡನು. ಎರಡಕ್ಕೂ ಒಂದೇ ಲೆಕ್ಕದ ಪುಸ್ತಕ. ಆ ತಾಯಿಯ ಕೊರಳಲ್ಲಿರುವುದೂ ಅದೇ ಇಷ್ಟಲಿಂಗ, ಆ ಸೊಸೆಯ ಕೊರಳಲ್ಲಿರುವುದೂ ಅದೇ. ಲಿಂಗವಂತರಲ್ಲಿ ಹೆಚ್ಚು ಕಡಿಮೆಗಳನ್ನು ಗುರುತಿಸುವ ಅಧಿಕಾರ ಯಾರಿಗೂ ಇಲ್ಲ.

ಸಾಧನೆಯನ್ನು ಇಲ್ಲಿಂದಲೇ ಆರಂಭಿಸಬಹುದು. ಕೊಟ್ಟುದನ್ನು ಹೇಳದಿರುವುದು, ನೊಂದವರ ಮನೆಗೆ ಹೋದಾಗ ಕಾರಣವನ್ನು ಕೆದಕದೆ ಕೈಲಾದ ನೆರವನ್ನು ನೀಡಿ ಬರುವುದು, ಸೊಸೆಯನ್ನು ಆರತಿಗೆ ಮುಂದೆ ಕರೆಯುವುದು. ಸಂಜೆ ಲಿಂಗವನ್ನು ಅಂಗೈಯಲ್ಲಿರಿಸಿಕೊಂಡಾಗ ದಿನದ ಒಳಿತನ್ನೂ ತಪ್ಪನ್ನೂ ಒಟ್ಟಿಗೇ ಅರ್ಪಿಸಿ, ಬರಿಗೈಯವರಾಗಿ ಏಳೋಣ.