ಒಂಬತ್ತನೇ ಲೇನ್‌ನಿಂದ ಬಂದವಳು

100 ಮೀಟರ್ ಓಟದ ಫೈನಲ್ ನೋಡುವಾಗ ನಿಮ್ಮ ಕಣ್ಣು ಎಲ್ಲಿರುತ್ತದೆ? ನಡುವಿನ ಲೇನ್‌ಗಳ ಮೇಲೆ ತಾನೇ? ನಿಮ್ಮದಷ್ಟೇ ಅಲ್ಲ, ಕ್ಯಾಮೆರಾದ ಕಣ್ಣೂ ಅಲ್ಲೇ, ಕಾಮೆಂಟರಿ ಹೇಳುವವರ ಕಣ್ಣೂ ಅಲ್ಲೇ. ಅದಕ್ಕೆ ಕಾರಣವೂ ಇದೆ. ಸೆಮಿಫೈನಲ್‌ನಲ್ಲಿ ಚೆನ್ನಾಗಿ ಓಡಿದವರಿಗೆ ಫೈನಲ್‌ನಲ್ಲಿ ನಡುವಿನ ಲೇನ್ ಸಿಗುತ್ತದೆ. ಎದ್ದೆನೋ ಬಿದ್ದೆನೋ ಎಂದು ಒಳಗೆ ಬಂದವರಿಗೆ ಅಂಚು. ಹಾಗಾಗಿ ಚಿನ್ನ ಎಲ್ಲಿ ಸಿಗಬಹುದೋ ಅಲ್ಲಿಗೇ ಎಲ್ಲರ ನೋಟ.

2023ರ ಆಗಸ್ಟ್ 21ರ ರಾತ್ರಿ ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಆ ನೋಟ ತಪ್ಪಿತು. ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಮಹಿಳೆಯರ 100 ಮೀಟರ್ ಫೈನಲ್. ನಮ್ಮಲ್ಲಿ ಆಗ ಮಧ್ಯರಾತ್ರಿ ದಾಟಿತ್ತು. ಆ ಕೂಟ ಎಂದರೆ ನಮಗೆ ಥಟ್ಟನೆ ನೆನಪಾಗುವುದು ನೀರಜ್ ಚೋಪ್ರಾ ಗೆದ್ದ ಜಾವೆಲಿನ್ ಚಿನ್ನ. ಅದಕ್ಕೂ ಆರು ದಿನ ಮೊದಲು ಅದೇ ಕ್ರೀಡಾಂಗಣದಲ್ಲಿ, ಒಂಬತ್ತನೇ ಲೇನ್‌ನಲ್ಲಿ ನಿಂತಿದ್ದ 23 ವರ್ಷದ ಹುಡುಗಿಯೊಬ್ಬಳು 10.65 ಸೆಕೆಂಡಿನಲ್ಲಿ ಎಲ್ಲರನ್ನೂ ಹಿಂದಿಕ್ಕಿದಳು. ಹೆಸರು ಶಕ್ಯಾರಿ ರಿಚರ್ಡ್‌ಸನ್. ದೇಶ ಅಮೆರಿಕ.

ಆಕೆ ಅಂಚಿಗೆ ಬಂದದ್ದು ಹೇಗೆ? ಲೆಕ್ಕ ಸರಳ. ಮೂರು ಸೆಮಿಫೈನಲ್. ಪ್ರತಿಯೊಂದರಲ್ಲೂ ಮೊದಲ ಇಬ್ಬರಿಗೆ ನೇರ ಪ್ರವೇಶ. ಆರು ಜನ ಆಯಿತು. ಉಳಿದ ಎರಡು ಜಾಗ, ಸೋತವರ ಪೈಕಿ ಅತಿ ಕಡಿಮೆ ಸಮಯ ತೆಗೆದುಕೊಂಡ ಇಬ್ಬರಿಗೆ. ಅದೇ ಸಂಜೆ ನಡೆದ ತನ್ನ ಸೆಮಿಫೈನಲ್‌ನಲ್ಲಿ ಶಕ್ಯಾರಿ ಬ್ಲಾಕ್ ಬಿಡುವಾಗಲೇ ತಡ ಮಾಡಿದಳು. ಪಿಸ್ತೂಲಿನ ಸದ್ದಿಗೆ ಉಳಿದವರು ಎದ್ದು ಹೋಗಿಯಾಗಿತ್ತು, ಇವಳು ಹಿಂದೆ. ಜಮೈಕಾದ ಶೆರಿಕಾ ಜಾಕ್ಸನ್, ಐವರಿ ಕೋಸ್ಟ್‌ನ ಮೇರಿ ಜೋಸೆ ಟಾ ಲೂ ಇಬ್ಬರೂ 10.79 ಸೆಕೆಂಡಿನಲ್ಲಿ ಗೆರೆ ದಾಟಿದರು. ಶಕ್ಯಾರಿ 10.84, ಮೂರನೇ ಸ್ಥಾನ. ನೇರ ಪ್ರವೇಶ ಕೈತಪ್ಪಿತು.

ಇಲ್ಲೊಂದು ಸಂಗತಿ ಗಮನಿಸಿ. ಮುಂದೆ ಇಬ್ಬರು ಹೋಗುತ್ತಿರುವುದು ಕಂಡಾಗ, ಇನ್ನು ಮುಗಿಯಿತು ಎಂದು ಕಾಲು ಸಡಿಲ ಬಿಡುವುದು ಸಹಜ. ಆಕೆ ಬಿಡಲಿಲ್ಲ. ಕೆಟ್ಟ ಆರಂಭದ ಬಳಿಕವೂ ಒಬ್ಬೊಬ್ಬರನ್ನೇ ದಾಟುತ್ತಾ ಕೊನೆಯ ಹೆಜ್ಜೆಯವರೆಗೂ ಓಡಿದಳು. ಸ್ಥಾನದ ಲೆಕ್ಕದಲ್ಲಿ ಆ ಓಟ ಸೋತಿತ್ತು, ಸಮಯದ ಲೆಕ್ಕದಲ್ಲಿ ಇನ್ನೂ ಜೀವ ಇತ್ತು. ಗಡಿಯಾರಕ್ಕೆ ಯಾರು ಮುಂದೆ ಯಾರು ಹಿಂದೆ ಎಂಬುದು ಗೊತ್ತಿಲ್ಲ. ಅದು ಎಣಿಸುತ್ತದೆ, ಅಷ್ಟೇ. ಆ 10.84 ಆಕೆಯನ್ನು ಫೈನಲ್‌ಗೆ ಎಳೆದು ತಂದಿತು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಇದು ಸಿಇಟಿ ಕೌನ್ಸೆಲಿಂಗ್‌ನ ಕೊನೆಯ ಸುತ್ತಿನಲ್ಲಿ ಸಿಕ್ಕ ಸೀಟು. ಕಾಲೇಜು ಸೇರಿದ ಮೇಲೂ ‘ಓ, ನೀನು ಲಾಸ್ಟ್ ರೌಂಡಾ?’ ಎಂದು ಕೇಳುವವರು ಇರುತ್ತಾರಲ್ಲ, ಒಂಬತ್ತನೇ ಲೇನ್ ಅಂಥ ಪ್ರಶ್ನೆ ಕೇಳುವ ಜಾಗ.

ನಡುವಿನ ಲೇನ್‌ಗಳಲ್ಲಿ ಇದ್ದವರೂ ಸಾಮಾನ್ಯರಲ್ಲ. ಶೆಲ್ಲಿ ಆ್ಯನ್ ಫ್ರೇಸರ್ ಪ್ರೈಸ್: 2009ರಿಂದ 2022ರೊಳಗೆ ಇದೇ ಓಟದಲ್ಲಿ ಐದು ಬಾರಿ ವಿಶ್ವ ಚಾಂಪಿಯನ್. 36 ವರ್ಷ, ಶಾಲೆಗೆ ಹೋಗುವ ಮಗನ ತಾಯಿ. ಮಗನ ಶಾಲೆಯ ಕ್ರೀಡಾದಿನದಂದು ಅಮ್ಮಂದಿರ ಓಟಕ್ಕೆ ಇಳಿದು ಎಲ್ಲರನ್ನೂ ಮೈಲುದ್ದ ಹಿಂದೆ ಬಿಟ್ಟ ವಿಡಿಯೊ ನೀವೂ ನೋಡಿರಬಹುದು! ಶೆರಿಕಾ ಜಾಕ್ಸನ್: 400 ಮೀಟರ್ ಓಟಗಾರ್ತಿಯಾಗಿ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು, ಬಳಿಕ ಚಿಕ್ಕ ದೂರಕ್ಕೆ ಬಂದವಳು. ಬುಡಾಪೆಸ್ಟ್‌ಗೆ ಬರುವ ಮುನ್ನ ಜಮೈಕಾದ ರಾಷ್ಟ್ರೀಯ ಕೂಟದಲ್ಲಿ 10.65 ಓಡಿದ್ದಳು. ಟಾ ಲೂ: 2017ರಲ್ಲಿ ವಿಶ್ವ ಚಿನ್ನವನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಳೆದುಕೊಂಡವಳು. ರಿಯೊ, ಟೋಕಿಯೊ ಎರಡೂ ಒಲಿಂಪಿಕ್ಸ್‌ಗಳ 100 ಮೀಟರ್‌ನಲ್ಲಿ ನಾಲ್ಕನೆಯವಳು.

ಇವರ ನಡುವೆ ಅಂಚಿನ ಹುಡುಗಿಯ ಕಥೆ ಏನು?

ಶಕ್ಯಾರಿ ಬೆಳೆದದ್ದು ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ, ಅಜ್ಜಿ ಮತ್ತು ಚಿಕ್ಕಮ್ಮನ ಆಸರೆಯಲ್ಲಿ. 2019ರಲ್ಲಿ ಕಾಲೇಜಿನ ಮೊದಲ ವರ್ಷದಲ್ಲೇ 10.75 ಓಡಿ 20 ವರ್ಷದೊಳಗಿನವರ ವಿಶ್ವದಾಖಲೆ ಬರೆದಳು. 2021ರ ಜೂನ್‌ನಲ್ಲಿ ಆರೆಗಾನ್ ರಾಜ್ಯದ ಯೂಜೀನ್‌ನಲ್ಲಿರುವ ಹೇವರ್ಡ್ ಫೀಲ್ಡ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಆಯ್ಕೆ ಓಟ ನಡೆಯಿತು. ಕಿತ್ತಳೆ ಬಣ್ಣದ ಕೂದಲು ಹಾರಿಸುತ್ತಾ 10.86ರಲ್ಲಿ ಗೆದ್ದವಳೇ ಗ್ಯಾಲರಿ ಮೆಟ್ಟಿಲು ಹತ್ತಿ ಅಜ್ಜಿಯನ್ನು ತಬ್ಬಿಕೊಂಡಳು. ಹೆತ್ತ ತಾಯಿ ತೀರಿಕೊಂಡು ಕೆಲವೇ ದಿನಗಳಾಗಿದ್ದವು. ಆ ಸುದ್ದಿ ತನಗೆ ತಿಳಿದದ್ದು ಮನೆಯವರಿಂದಲ್ಲ, ಸಂದರ್ಶನ ಮಾಡುತ್ತಿದ್ದ ಪತ್ರಕರ್ತರೊಬ್ಬರ ಬಾಯಿಂದ ಎಂದು ಆಕೆ ನಂತರ ಹೇಳಿದಳು.

ಅದಾದ ಮೇಲೆ ಮೂತ್ರ ಪರೀಕ್ಷೆಯಲ್ಲಿ ಗಾಂಜಾ ಅಂಶ ಪತ್ತೆಯಾಯಿತು. ಗಾಂಜಾ ಸೇದಿದರೆ ಯಾರೂ ಜೋರಾಗಿ ಓಡುವುದಿಲ್ಲ, ಆದರೆ ಸ್ಪರ್ಧೆಯ ವೇಳೆ ಅದು ನಿಷಿದ್ಧ ಪಟ್ಟಿಯಲ್ಲಿದೆ. ಒಂದು ತಿಂಗಳ ಅಮಾನತು. ಟೋಕಿಯೊದಲ್ಲಿ 100 ಮೀಟರ್ ಓಟ ಶುರುವಾಗುವ ಹೊತ್ತಿಗೆ ಆ ತಿಂಗಳು ಮುಗಿದಿರುತ್ತಿತ್ತು. ಆದರೆ ಆಯ್ಕೆ ಓಟದ ಫಲಿತಾಂಶವೇ ರದ್ದಾದ್ದರಿಂದ ಒಲಿಂಪಿಕ್ಸ್ ಹೋಯಿತು. ರಿಲೇ ತಂಡಕ್ಕೂ ತೆಗೆದುಕೊಳ್ಳಲಿಲ್ಲ. ಟಿ.ವಿ.ಯಲ್ಲಿ ಕುಳಿತು, ನಿಯಮ ತನಗೆ ಗೊತ್ತಿತ್ತು, ಹೊಣೆ ತನ್ನದೇ ಎಂದು ಆಕೆ ಒಪ್ಪಿಕೊಂಡಳು. 21 ವರ್ಷದ ಹುಡುಗಿಗೆ ಅದು ಸಣ್ಣ ಮಾತಲ್ಲ.

ಒಲಿಂಪಿಕ್ಸ್ ಮುಗಿದ ಮೇಲೆ ಅದೇ ಹೇವರ್ಡ್ ಫೀಲ್ಡ್‌ನಲ್ಲಿ ಪ್ರಿಫಾಂಟೇನ್ ಕ್ಲಾಸಿಕ್ ಕೂಟ. ಟೋಕಿಯೊದಲ್ಲಿ ಮೂರೂ ಪದಕ ಬಾಚಿದ ಜಮೈಕಾದ ಎಲೈನ್ ಥಾಂಪ್ಸನ್ ಹೆರಾ, ಫ್ರೇಸರ್ ಪ್ರೈಸ್, ಜಾಕ್ಸನ್ ಮೂವರೂ ಬಂದಿದ್ದರು. ‘ನಾನಿದ್ದಿದ್ದರೆ’ ಎಂಬ ಪ್ರಶ್ನೆಗೆ ಉತ್ತರ ಸಿಗುವ ದಿನ ಅದು. ಉತ್ತರ ಸಿಕ್ಕಿತು. ಥಾಂಪ್ಸನ್ ಹೆರಾ 10.54ರಲ್ಲಿ ಗೆದ್ದಳು, ಮೊದಲ ಮೂರೂ ಸ್ಥಾನ ಮತ್ತೆ ಜಮೈಕಾಕ್ಕೆ. ಒಂಬತ್ತು ಜನ ಓಡಿದ ಆ ಓಟದಲ್ಲಿ ಶಕ್ಯಾರಿ ಒಂಬತ್ತನೆಯವಳು, 11.14 ಸೆಕೆಂಡು. ಬಿದ್ದವರ ಮೇಲೆ ಆಳಿಗೊಂದು ಕಲ್ಲು ಎನ್ನುತ್ತಾರಲ್ಲ, ಸಾಮಾಜಿಕ ಜಾಲತಾಣಗಳಲ್ಲಿ ಆಗಿದ್ದೂ ಅದೇ. ಮೀಮ್‌ಗಳೇ ಮೀಮ್‌ಗಳು. 2022ರಲ್ಲಿ ಅದೇ ಮೈದಾನದಲ್ಲಿ ನಡೆದ ರಾಷ್ಟ್ರೀಯ ಕೂಟದಲ್ಲಿ ಆಕೆ 100 ಮೀಟರ್‌ನ ಮೊದಲ ಸುತ್ತನ್ನೂ ದಾಟಲಿಲ್ಲ. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಅಮೆರಿಕದಲ್ಲೇ, ಅದೂ ಹೇವರ್ಡ್ ಫೀಲ್ಡ್‌ನಲ್ಲೇ ನಡೆಯಿತು. ತಂಡದಲ್ಲಿ ಆಕೆಯ ಹೆಸರಿರಲಿಲ್ಲ.

ಮರುವರ್ಷ ಮತ್ತೆ ಅದೇ ಟ್ರ್ಯಾಕ್. 2023ರ ಜುಲೈನ ರಾಷ್ಟ್ರೀಯ ಕೂಟದ ಫೈನಲ್‌ಗೆ ಕಿತ್ತಳೆ ಬಣ್ಣದ ವಿಗ್ ಧರಿಸಿ ಬಂದಳು. ಓಟಕ್ಕೆ ಮುನ್ನ ತನ್ನ ಹೆಸರು ಕೂಗಿದಾಗ ಅದನ್ನು ತೆಗೆದು ಹಿಂದಕ್ಕೆ ಎಸೆದಳು. ಕೆಳಗೆ ಅಚ್ಚುಕಟ್ಟಾಗಿ ಹೆಣೆದ ಅವಳದೇ ಜಡೆಗಳು. 2021ರ ಹುಡುಗಿ ಈಗಿಲ್ಲ ಎಂದು ಹೇಳಲು ಇನ್ನೊಂದು ಮಾತು ಬೇಕಿರಲಿಲ್ಲ. 10.82ರಲ್ಲಿ ಗೆದ್ದು ಬುಡಾಪೆಸ್ಟ್‌ಗೆ ಟಿಕೆಟ್ ಪಡೆದಳು.

ಈಗ ಆ ಫೈನಲ್‌ಗೆ ಬನ್ನಿ. ಟಿ.ವಿ.ಯಲ್ಲಿ ನೋಡುವಾಗ 100 ಮೀಟರ್ ಎಂದರೆ ಕೊನೆಯವರೆಗೂ ವೇಗ ಏರುತ್ತಲೇ ಹೋಗುತ್ತದೆ ಅನಿಸುತ್ತದೆ. ಹಾಗಲ್ಲ. ಸುಮಾರು ಅರ್ಧ ದಾರಿಯವರೆಗೆ ವೇಗ ಏರುತ್ತದೆ, ಸ್ವಲ್ಪ ಹೊತ್ತು ತುತ್ತತುದಿಯಲ್ಲಿ ನಿಲ್ಲುತ್ತದೆ, ಆಮೇಲೆ ಪ್ರತಿಯೊಬ್ಬರದ್ದೂ ಇಳಿಯುತ್ತದೆ. ವಿಶ್ವದಾಖಲೆ ಬರೆಯುವವರೂ ಕೊನೆಯ ಮೀಟರ್‌ಗಳಲ್ಲಿ ನಿಧಾನವಾಗುವವರೇ. ಕೊನೆಯಲ್ಲಿ ಯಾರೋ ಮುನ್ನುಗ್ಗಿ ಬಂದಂತೆ ಕಾಣುತ್ತದಲ್ಲ, ನಿಜವಾಗಿ ಅವರ ವೇಗ ಹೆಚ್ಚಿರುವುದಿಲ್ಲ. ಉಳಿದವರಿಗಿಂತ ಕಡಿಮೆ ಇಳಿದಿರುತ್ತದೆ. ಶಕ್ಯಾರಿಯ ಬಲ ಇರುವುದೇ ಅಲ್ಲಿ.

ಸೆಮಿಫೈನಲ್‌ನ ತಪ್ಪು ಈ ಬಾರಿ ಆಗಲಿಲ್ಲ. ನಡುವೆ ಜಾಕ್ಸನ್ ಮುಂದಿದ್ದಳು, ಫ್ರೇಸರ್ ಪ್ರೈಸ್ ಪಕ್ಕದಲ್ಲೇ ಹೋರಾಡುತ್ತಿದ್ದಳು. ಎಲ್ಲರೂ ನೋಡುತ್ತಿದ್ದದ್ದು ಆ ಹೋರಾಟವನ್ನೇ. ಅಷ್ಟರಲ್ಲಿ ಅಂಚಿನಿಂದ ಒಂದು ಆಕೃತಿ ಸಾಲಿಗೆ ಸೇರಿತು, ಗೆರೆಯ ಬಳಿ ಸಾಲನ್ನು ದಾಟಿತು. ಹಿಂದಿನಿಂದ ನೂಕುವ ಗಾಳಿಯ ನೆರವೂ ಇರಲಿಲ್ಲ. ಶಕ್ಯಾರಿ 10.65, ಜಾಕ್ಸನ್ 10.72, ಫ್ರೇಸರ್ ಪ್ರೈಸ್ 10.77. ಚಿನ್ನಕ್ಕೂ ಬೆಳ್ಳಿಗೂ ನಡುವೆ ಸೆಕೆಂಡಿನ ನೂರರಲ್ಲಿ ಏಳು ಭಾಗ, ನೆಲದ ಮೇಲೆ ಅಳೆದರೆ ಸುಮಾರು 70 ಸೆಂಟಿಮೀಟರ್. ಹಿಂದಿನ ವರ್ಷ ಯೂಜೀನ್‌ನಲ್ಲಿ ಫ್ರೇಸರ್ ಪ್ರೈಸ್ ಬರೆದಿದ್ದ 10.67ರ ಕೂಟ ದಾಖಲೆಯೂ ಮುರಿಯಿತು.

ದಿನಾಂಕವನ್ನು ಇನ್ನೊಮ್ಮೆ ನೋಡಿ. ಪ್ರಿಫಾಂಟೇನ್ ಕ್ಲಾಸಿಕ್‌ನಲ್ಲಿ ಆಕೆ ಕೊನೆಯವಳಾಗಿ ಬಂದದ್ದು 2021ರ ಆಗಸ್ಟ್ 21. ಬುಡಾಪೆಸ್ಟ್‌ನ ಚಿನ್ನ 2023ರ ಆಗಸ್ಟ್ 21. ಸರಿಯಾಗಿ ಎರಡು ವರ್ಷ. ಅಂದು ಫ್ರೇಸರ್ ಪ್ರೈಸ್ ಮತ್ತು ಜಾಕ್ಸನ್ ಬೆನ್ನನ್ನು ದೂರದಿಂದ ನೋಡಿದವಳು, ಇಂದು ಅವರಿಬ್ಬರ ಮುಂದೆ. ಅಂದು ಒಂಬತ್ತನೇ ಸ್ಥಾನ, ಇಂದು ಒಂಬತ್ತನೇ ಲೇನ್. ಕೂಟ ಮುಗಿಯುವಷ್ಟರಲ್ಲಿ 200 ಮೀಟರ್‌ನ ಕಂಚೂ ಬಂತು. 4x100 ರಿಲೇಯ ಕೊನೆಯ ಓಟ ಓಡಿ ಇನ್ನೊಂದು ಚಿನ್ನವನ್ನೂ ಗೆದ್ದಳು.

ಇಷ್ಟು ಹೇಳಿ ‘ಮನಸ್ಸಿದ್ದರೆ ಮಾರ್ಗ’ ಎಂದು ಮುಗಿಸಿಬಿಡಬಹುದು. ಆದರೆ ಅಷ್ಟು ಸುಲಭದ ಪಾಠ ಇದಲ್ಲ. ಟಾ ಲೂ ಮನಸ್ಸಿಗೆ ಏನು ಕಡಿಮೆ ಇತ್ತು? ಸೆಮಿಫೈನಲ್‌ನಲ್ಲಿ ಶಕ್ಯಾರಿಯನ್ನು ಸೋಲಿಸಿದವಳು ಆಕೆ. ಫೈನಲ್‌ನಲ್ಲಿ 10.81 ಓಡಿ ಮತ್ತೆ ನಾಲ್ಕನೆಯವಳಾದಳು. ಒಳ್ಳೆಯ ಲೇನ್ ಸಿಕ್ಕಿತು, ಒಳ್ಳೆಯ ಓಟವೂ ಓಡಿದಳು, ಪದಕ ಬರಲಿಲ್ಲ. ಶಕ್ಯಾರಿಯ ಗೆಲುವೂ ಶಾಶ್ವತವಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 100 ಮೀಟರ್‌ನಲ್ಲಿ ಆಕೆಗೆ ಬೆಳ್ಳಿ. 2025ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಕೆ ಐದನೆಯವಳು. ಅಲ್ಲೇ ಅವಳದೇ ದೇಶದ ಮೆಲಿಸಾ ಜೆಫರ್ಸನ್ ವುಡನ್ 10.61 ಓಡಿ ಆ 10.65ರ ಕೂಟ ದಾಖಲೆಯನ್ನೂ ಅಳಿಸಿದಳು.

ಹಾಗಾದರೆ ಉಳಿಯುವುದೇನು? ನನ್ನ ಮಟ್ಟಿಗೆ ಉಳಿಯುವುದು ಆ ಚಿನ್ನದ ಓಟಕ್ಕಿಂತ, ಅದಕ್ಕೆ ಮುನ್ನ ಸೋತ ಸೆಮಿಫೈನಲ್. ಅಂಚಿನ ಲೇನ್ ಯಾರನ್ನೂ ಗೆಲ್ಲಿಸುವುದಿಲ್ಲ, ಸೋಲಿಸುವುದೂ ಇಲ್ಲ. ಅಲ್ಲಿಂದಲೂ ಗೆರೆಗೆ ಇರುವ ದೂರ ಅದೇ 100 ಮೀಟರ್. ಆದರೆ ಆ ಲೇನ್‌ವರೆಗೆ ಬರಬೇಕಾದರೆ, ಮೂರನೆಯವಳು ಎಂದು ಗೊತ್ತಾದ ಮೇಲೂ ಕೊನೆಯ ಹೆಜ್ಜೆಯನ್ನು ಮೊದಲನೆಯ ಹೆಜ್ಜೆಯಂತೆಯೇ ಇಡಬೇಕು. ಪರೀಕ್ಷೆ–1ರಲ್ಲಿ ಎಡವಿ ಪರೀಕ್ಷೆ–2ಕ್ಕೆ ಕುಳಿತವರು, ವೇಟಿಂಗ್ ಲಿಸ್ಟ್‌ನಲ್ಲಿ ಹೆಸರಿದ್ದೂ ಫೋನ್ ನೋಡುತ್ತಾ ಕೂತವರು, ಜಿಲ್ಲಾ ಕ್ರೀಡಾಕೂಟಕ್ಕೆ ‘ರಿಸರ್ವ್’ ಆಗಿ ಹೋದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದೇವೆ. ನಮಗೆ ಬೇಕಾದದ್ದು ಚಿನ್ನದ ಕಥೆಯಲ್ಲ, ಆ 10.84ರ ಕಥೆ.

ಅಂದ ಹಾಗೆ, ಬುಡಾಪೆಸ್ಟ್‌ನ ಆ ಫೈನಲ್‌ನಲ್ಲಿ ಐದನೆಯವಳಾಗಿ ಬಂದವಳ ಹೆಸರು ಜೂಲಿಯನ್ ಆಲ್ಫ್ರೆಡ್. ಸೇಂಟ್ ಲೂಸಿಯಾ ಎಂಬ ಪುಟ್ಟ ಕೆರಿಬಿಯನ್ ದ್ವೀಪದವಳು. ಅಂದು ಆಕೆಯ ಸಮಯ 10.93. ಮರುವರ್ಷ ಪ್ಯಾರಿಸ್‌ನಲ್ಲಿ ಮಳೆಗೆ ನೆನೆದ ಟ್ರ್ಯಾಕ್ ಮೇಲೆ 10.72 ಓಡಿ ಶಕ್ಯಾರಿಯನ್ನೇ ಹಿಂದಿಕ್ಕಿದಳು. ಅವಳ ದೇಶಕ್ಕೆ ಒಲಿಂಪಿಕ್ಸ್‌ನಲ್ಲಿ ಸಿಕ್ಕ ಮೊದಲ ಪದಕವೇ ಅದು, ಅದೂ ಚಿನ್ನ. ಬುಡಾಪೆಸ್ಟ್‌ನಲ್ಲಿ ಎಲ್ಲರೂ ಒಂಬತ್ತನೇ ಲೇನ್ ಕಡೆ ತಿರುಗಿ ಬಾಯಿ ಬಿಟ್ಟು ನೋಡುತ್ತಿದ್ದ ಹೊತ್ತಿನಲ್ಲಿ, ಐದನೆಯವಳ ಕಡೆ ಕಣ್ಣು ಹಾಯಿಸಿದವರು ಎಷ್ಟು ಮಂದಿ ಇದ್ದಿರಬಹುದು?