ಹೊಗೆ, ಬಿಳಿಪುಡಿ ಮತ್ತು ಬಣ್ಣದ ಟೈರು

ಜೂನ್ ಎರಡನೇ ವಾರ. ನಮ್ಮೂರ ಶಾಲೆಯ ಗೇಟು ದಾಟಿದರೆ ಎಡಗಡೆ ಹಳೆಯ ಟೈರುಗಳ ಕೈತೋಟ. ಕೆಂಪು, ಹಳದಿ, ನೀಲಿ ಬಣ್ಣ ಬಳಿದು, ನಡುವೆ ಮಣ್ಣು ತುಂಬಿ, ದಾಸವಾಳ, ಕಣಗಿಲೆ ನೆಟ್ಟಿದ್ದಾರೆ. ನೋಡಲು ಚೆಂದವೇ. ಆದರೆ ಟೈರಿನ ಒಳಮಡಿಕೆಯಲ್ಲಿ ಹಿಂದಿನ ವಾರದ ಮಳೆನೀರು ನಿಂತಿತ್ತು. ಬಾಟಲಿಯ ಮುಚ್ಚಳದಲ್ಲಿ ಒಂದಿಷ್ಟು ಮೊಗೆದು ಬಿಸಿಲಿಗೆ ಹಿಡಿದೆ. ದಾರದ ಚೂರಿನಂಥ ಮರಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು; ಬೆರಳಿನ ನೆರಳು ಬಿದ್ದದ್ದೇ ತಡ, ಡೊಂಕುಡೊಂಕಾಗಿ ತಳಕ್ಕೆ ಓಡಿದವು. ಹೆಡ್‌ಮೇಷ್ಟ್ರಿಗೆ ತೋರಿಸಿದೆ.

"ಅಯ್ಯೋ ಸಾರ್, ಮೊನ್ನೆ ತಾನೇ ಫಾಗಿಂಗ್ ಮಾಡ್ಸಿದ್ವಲ್ಲ!"

ಅವರೊಬ್ಬರದೇ ತಪ್ಪಲ್ಲ ಇದು. ಹೊಗೆ ಕಂಡರೆ, ಘಾಟು ಮೂಗಿಗೆ ಬಡಿದರೆ, ನೆಲ ಬೆಳ್ಳಗಾದರೆ ಕೆಲಸ ಆಯಿತು ಎಂದು ನಾವೆಲ್ಲ ನಂಬಿದವರೇ. ಕಣ್ಣಿಗೆ ಕಾಣದ ಕೆಲಸಕ್ಕೆ ಬಿಲ್ಲೂ ಇಲ್ಲ, ಫೋಟೋನೂ ಇಲ್ಲ.

"ಹೊಗೆ ಹೊಡೆದರೆ ಸೊಳ್ಳೆ ಸಾಯುತ್ತೆ"

ಸಾಯುತ್ತದೆ, ಆ ಗಳಿಗೆಯಲ್ಲಿ ಹಾರಾಡುತ್ತ ಅದಕ್ಕೆ ಸಿಕ್ಕಿಕೊಂಡದ್ದು. ಯಂತ್ರದಿಂದ ಗುಡುಗುಡು ಎಂದು ಬರುವುದರಲ್ಲಿ ಬಹುಪಾಲು ಡೀಸೆಲ್ ಹೊಗೆ, ಕೀಟನಾಶಕ ಅದರಲ್ಲೊಂದು ಪಾಲು ಅಷ್ಟೇ. ನೀರಿನಲ್ಲಿರುವ ಮರಿಗಾಗಲಿ ಮೊಟ್ಟೆಗಾಗಲಿ ಅದರಿಂದ ಏನೂ ಆಗದು. ಡೆಂಗಿ ಹರಡುವ ಈಡಿಸ್ ಸೊಳ್ಳೆಯಂತೂ ಮನೆಯೊಳಗಿನ ಪ್ರಾಣಿ. ಮಂಚದಡಿ, ಪರದೆಯ ಹಿಂದೆ, ನೇತುಹಾಕಿದ ಬಟ್ಟೆಯ ಮರೆಯಲ್ಲಿ ಕೂತಿರುತ್ತದೆ. ಬೀದಿಯಲ್ಲಿ ಹಾದುಹೋಗುವ ಹೊಗೆ ಅಲ್ಲಿಗೆ ಮುಟ್ಟುವುದು ಅಪರೂಪ.

ಇದರ ಮೊಟ್ಟೆಯದು ಬಲು ಗಟ್ಟಿ ಜೀವ. ಪಾತ್ರೆಯ ಗೋಡೆಗೆ ಅಂಟಿಕೊಂಡು, ನೀರು ಪೂರಾ ಆರಿದರೂ ತಿಂಗಳುಗಟ್ಟಲೆ ಕಾಯುತ್ತದೆ. ಮತ್ತೆ ನೀರು ತಾಗಿದರೆ ಒಡೆಯುತ್ತದೆ. ನಮ್ಮ ಹವೆಯಲ್ಲಿ ಸುಮಾರು 7ರಿಂದ 10 ದಿನಕ್ಕೆ ರೆಕ್ಕೆ ಬಿಚ್ಚುತ್ತದೆ. ಹಾಗಾಗಿ ತೊಟ್ಟಿಯ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜಬೇಕು, ಅದೂ ವಾರಕ್ಕೊಮ್ಮೆ. ಆಶಾ ಕಾರ್ಯಕರ್ತೆಯರು ಬಾಯಿ ನೋಯುವಷ್ಟು ಹೇಳುವ 'ಡ್ರೈ ಡೇ' ಲೆಕ್ಕ ಬಂದದ್ದು ಇಲ್ಲಿಂದಲೇ.

ಚರಂಡಿ ಸೊಳ್ಳೆಯಿಂದ ಡೆಂಗಿ ಬರುತ್ತದೆ ಎನ್ನುವುದೂ ಸುಳ್ಳು. ಚರಂಡಿಯ ಕೊಳಕು ನೀರಿನಲ್ಲಿ ಹುಟ್ಟಿ ರಾತ್ರಿ ಕಿವಿಯ ಹತ್ತಿರ ಗುಂಯ್‌ಗುಡುವುದು ಕ್ಯುಲೆಕ್ಸ್. ಈಡಿಸ್‌ಗೆ ಬೇಕಾದದ್ದು ಟೈರು, ತೆಂಗಿನ ಚಿಪ್ಪು, ಸಿಂಟೆಕ್ಸ್, ಸಂಪುಗಳ ತಿಳಿನೀರು. ಕಚ್ಚುವುದೂ ಹಗಲಿನಲ್ಲಿ, ಬೆಳಗಿನ ಕೆಲವು ಗಂಟೆ ಮತ್ತು ಸಂಜೆಗೆ ಮುಂಚೆ. ಹೆಚ್ಚುಕಮ್ಮಿ ಪ್ರಾರ್ಥನೆಯ ಹೊತ್ತಿಗೆ ಮತ್ತು ಕೊನೆಯ ಆಟದ ಪೀರಿಯಡ್ಡಿಗೆ! ನಾವು ಮಾತ್ರ ರಾತ್ರಿ ಸೊಳ್ಳೆಪರದೆ ಕಟ್ಟಿ ನಿಶ್ಚಿಂತೆಯಿಂದ ಮಲಗುತ್ತೇವೆ.

ಫಾಗಿಂಗ್ ಪೂರ್ತಿ ದಂಡ ಎಂದೇನಲ್ಲ. ರೋಗ ಭುಗಿಲೆದ್ದಾಗ, ರೋಗಿಯ ಮನೆಯ ಸುತ್ತಮುತ್ತ ವೈರಸ್ ಹೊತ್ತ ಸೊಳ್ಳೆಯನ್ನು ಬೇಗ ಕೊಲ್ಲಲು ಅದು ಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತುರ್ತಿನ ಅಸ್ತ್ರವಾಗಿಯೇ ನೋಡುತ್ತದೆ, ಪ್ರತಿ ಸೋಮವಾರದ ಪೂಜೆಯಾಗಿ ಅಲ್ಲ. 2024ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ದಂಡ ಗೊತ್ತುಮಾಡಿತಲ್ಲ, ಆ ದಂಡ ಹೊಗೆ ಹಾಕಿಸದವರಿಗಲ್ಲ, ಸೊಳ್ಳೆ ಮರಿಯಾಗುವಂತೆ ನೀರು ನಿಲ್ಲಿಸಿಕೊಂಡವರಿಗೆ. ಶಾಲೆಗಳನ್ನೂ ಬಿಟ್ಟಿಲ್ಲ.

"ಪೌಡರ್ ಹಾಕ್ಸಿದ್ದೀವಿ"

ಮಂತ್ರಿಗಳು ಬರುವ ದಿನ, ಜಾತ್ರೆಯ ದಿನ ರಸ್ತೆಯ ಎರಡೂ ಬದಿಗೆ ಬಿಳಿಗೆರೆ ಎಳೆಯುತ್ತಾರಲ್ಲ, ಅದು ಬ್ಲೀಚಿಂಗ್ ಪೌಡರ್. ಕುಡಿಯುವ ನೀರಿನ ರೋಗಾಣು ಕೊಲ್ಲಲು ಒಳ್ಳೆಯದು. ಒಣಮಣ್ಣಿನ ಮೇಲೆ ಉದುರಿಸಿದರೆ ಬಿಸಿಲಿಗೆ ಕ್ಲೋರಿನ್ ಹಾರಿಹೋಗುತ್ತದೆ, ಸೊಳ್ಳೆ ಅದರ ಮೇಲೆಯೇ ಹಾರಿಹೋಗುತ್ತದೆ. ನಾವು ಚಿಕ್ಕವರಿದ್ದಾಗ ಎರಚುತ್ತಿದ್ದ ಇನ್ನೊಂದು ಬಿಳಿಪುಡಿ ಬಿ.ಎಚ್.ಸಿ. ಅದನ್ನು 1997ರಲ್ಲಿ ದೇಶದಲ್ಲೇ ನಿಷೇಧಿಸಿದರು. ಪುಡಿ ಬದಲಾಯಿತು, ಗೆರೆ ಎಳೆಯುವ ಚಾಳಿ ಉಳಿಯಿತು.

"ಜಿರಲೆಗೆ ಸ್ಪ್ರೇನೇ ಮದ್ದು"

ಬಿಸಿಯೂಟದ ಕೋಣೆಗೆ ರಜೆಯಲ್ಲಿ ಸ್ಪ್ರೇ ಹೊಡೆಸುತ್ತಾರೆ. ನಾಲ್ಕಾರು ಜಿರಲೆ ಅಂಗಾತ ಬಿದ್ದದ್ದು ಕಂಡು ಎಲ್ಲರಿಗೂ ಸಮಾಧಾನ. ಗೋಡೆಯ ಸಂದಿಯಲ್ಲಿ ಉಳಿದವು ಇನ್ನಷ್ಟು ಒಳಗೆ ಸರಿಯುತ್ತವೆ. ಅಡುಗೆಮನೆಯ ಚಿಕ್ಕ ಕಂದು ಜಿರಲೆಯ ಒಂದೊಂದು ಮೊಟ್ಟೆಕೋಶದಲ್ಲಿ 30–40 ಮೊಟ್ಟೆ. ಆ ಕೋಶದ ಚಿಪ್ಪು ದಾಟಿ ಸ್ಪ್ರೇ ಒಳಗಿಳಿಯುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಸಂಸಾರ ಮತ್ತೆ ಹಾಜರು.

ಇದಕ್ಕಿಂತ ವಾಸಿ ಜೆಲ್. ಅಕ್ಕಿಕಾಳಿನಷ್ಟು ಚುಕ್ಕಿಯನ್ನು ಬಾಗಿಲ ಕೀಲಿನ ಬಳಿ, ಒಲೆಯ ಕಟ್ಟೆಯ ಹಿಂದೆ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟರೆ ಸಾಕು. ತಿಂದ ಜಿರಲೆ ಗೂಡಿಗೆ ಹೋಗಿ ಸಾಯುತ್ತದೆ, ಅದರ ಹೆಣ ಮತ್ತು ಹಿಕ್ಕೆ ತಿಂದವೂ ಸಾಯುತ್ತವೆ. ಆದರೆ ಜೆಲ್ ಇಟ್ಟು ಅದರ ಮೇಲೇ ಸ್ಪ್ರೇ ಹೊಡೆದರೆ ಜಿರಲೆ ಅತ್ತ ಮೂಸಿಯೂ ನೋಡುವುದಿಲ್ಲ, ದುಡ್ಡು ದಂಡ. ಇನ್ನು, ರಾತ್ರಿ ಎಂಜಲು ಪಾತ್ರೆ ಹಾಗೇ ಬಿಟ್ಟು, ಸೋರುವ ನಲ್ಲಿ ರಿಪೇರಿ ಮಾಡಿಸದೆ ಏನಿಟ್ಟರೂ ಅಷ್ಟಕ್ಕಷ್ಟೇ.

ಲಕ್ಷ್ಮಣರೇಖೆ ಬಳಪದ ಬಗ್ಗೆ ನನಗೆ ನಿಜಕ್ಕೂ ಭಯವಿದೆ. ಅದರಲ್ಲಿರುವುದು ಪೈರೆಥ್ರಾಯ್ಡ್ ಕುಲದ ಕೀಟನಾಶಕ. ಸೀಮೆಸುಣ್ಣ ಕಂಡರೆ ಗೋಡೆಗೆ ಗೀಚಿ, ಒಮ್ಮೊಮ್ಮೆ ಬಾಯಿಗೂ ಇಡುವ ಮಕ್ಕಳಿರುವ ಕಟ್ಟಡದಲ್ಲಿ ವಿಷವನ್ನು ಸೀಮೆಸುಣ್ಣದ ರೂಪದಲ್ಲೇ ತಂದಿಡುವುದು ಯಾವ ಬುದ್ಧಿ?

"ಗಿಡಮೂಲಿಕೆ ಅಲ್ವಾ, ಏನೂ ಆಗಲ್ಲ"

ಹೊಗೆಸೊಪ್ಪಿನ ನಿಕೋಟಿನ್ ಕೂಡ ಗಿಡದ್ದೇ, ಭಾರಿ ವಿಷ. ಬೇವಿನೆಣ್ಣೆ ಕುಡಿಸಿ ಎಳೆಮಕ್ಕಳ ಪ್ರಾಣಕ್ಕೆ ಕುತ್ತು ತಂದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಸೊಳ್ಳೆಬತ್ತಿಯ ಮೂಲ ಕಸುವು ಸೇವಂತಿಗೆ ಜಾತಿಯ ಹೂವಿನ ಪುಡಿಯದು. ಹಾಗೆಂದು ಬಾಗಿಲು ಮುಚ್ಚಿದ ಕೋಣೆಯಲ್ಲಿ ಉರಿಸಿದರೆ? ಒಂದು ಬತ್ತಿ ಉಗುಳುವ ಸೂಕ್ಷ್ಮಕಣ 75ರಿಂದ 137 ಸಿಗರೇಟಿನಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಅಳೆದು ತೋರಿಸಿತು. ಹಾಸ್ಟೆಲ್ಲಿನ ವಾರ್ಡನ್ನುಗಳು ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ.

"ಸರ್ಕಾರ ಒಪ್ಪಿದ ಔಷಧಿ, ಭಯವಿಲ್ಲ"

ಔಷಧಿ ಎಂಬ ಮಾತೇ ಮೋಸ. ಎಂಡೋಸಲ್ಫಾನನ್ನೂ ನಮ್ಮವರು ಔಷಧಿ ಎಂದೇ ಕರೆದರು. ದಕ್ಷಿಣ ಕನ್ನಡದ ಕೊಕ್ಕಡದ ಆಸುಪಾಸು, ಗಡಿಯಾಚೆ ಕಾಸರಗೋಡಿನಲ್ಲಿ, ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದದ್ದು ಸರ್ಕಾರಿ ನಿಗಮಗಳೇ. ಸುಪ್ರೀಂ ಕೋರ್ಟು ತಡೆಹಿಡಿದದ್ದು 2011ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಆ ಊರುಗಳ ಎಷ್ಟೋ ಮಕ್ಕಳು ಶಾಲೆಯ ಮುಖ ನೋಡದೆ ಹಾಸಿಗೆಯಲ್ಲೇ ಬೆಳೆದಿದ್ದರು.

ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಹಳ್ಳಿಯಲ್ಲಿ 2013ರ ಜುಲೈ 16ರಂದು ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಸಿಕ್ಕಿದ್ದು ಹೊಲಕ್ಕೆ ಹೊಡೆಯುವ ಮಾನೋಕ್ರೊಟೊಫಾಸ್. ಕೀಟನಾಶಕದ ಖಾಲಿ ಡಬ್ಬವನ್ನು ತೊಳೆದು ಎಣ್ಣೆಗೋ ನೀರಿಗೋ ಇಟ್ಟುಕೊಳ್ಳುವ ರೂಢಿ ನಮ್ಮ ಹಳ್ಳಿಗಳಲ್ಲೂ ಇದೆ. ತೊಳೆದರೆ ಹೋಗುತ್ತದೆ ಎನ್ನುವುದು ಈ ಬರಹದ ತಪ್ಪು ಕಲ್ಪನೆಗಳಲ್ಲೆಲ್ಲ ಅತಿ ಕ್ರೂರವಾದದ್ದು. ತೂತು ಹೊಡೆದು, ಜಜ್ಜಿ, ಮರುಬಳಕೆ ಆಗದಂತೆ ಮಾಡಬೇಕು. ಶಾಲೆಯ ಉಗ್ರಾಣದಲ್ಲಿ ಅಕ್ಕಿಮೂಟೆಯ ಪಕ್ಕ ಇಲಿಪಾಷಾಣ ಇಡುವುದಂತೂ ಬೇಡವೇ ಬೇಡ.

"ಫಿನಾಯಿಲ್ ಹಾಕಿದರೆ ಹಾವು ಬರಲ್ಲ"

ಬರುತ್ತದೆ. ಇಲಿಯ ಜಾಡು ಹಿಡಿದು ಬರುವ ಹಾವಿಗೆ ಬೇಕಾದದ್ದು ಒಂದು ತೂತು. ನಮ್ಮ ಗಡಿಗೆ ಅಂಟಿಕೊಂಡ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ 2019ರಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳಿಗೆ ಹಾವು ಕಚ್ಚಿದ್ದು ತರಗತಿಯೊಳಗೇ, ಗೋಡೆಬುಡದ ಬಿಲದಿಂದ. ಪೆನ್ಸಿಲ್ ತೂರುವ ಸಂದಿ ಇದ್ದರೆ ಇಲಿಮರಿಗೆ ಸಾಕು. ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ ಮೇಲೆ ಸಿಮೆಂಟು ಮೆತ್ತಿ. ಖರ್ಚು ನೂರಿನ್ನೂರು ರೂಪಾಯಿ, ಮೇಸ್ತ್ರಿಗೆ ಅರ್ಧ ದಿನದ ಕೆಲಸ.

"ಮೀನು ಬಿಟ್ಟರೆ ಎಲ್ಲ ಸರಿಹೋಗುತ್ತೆ"

ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಿನ ಹಳ್ಳಿಗಳ ಬಾವಿಗಳಿಗೆ ಮಲೇರಿಯಾ ಸಂಶೋಧಕರು ಗಪ್ಪಿ, ಗ್ಯಾಂಬೂಸಿಯಾ ಬಿಟ್ಟು ಮಲೇರಿಯಾ ತಗ್ಗಿಸಿ ತೋರಿಸಿದ್ದು ನಿಜ. ಬಾವಿಗೆ, ಮುಚ್ಚಲಾಗದ ತೊಟ್ಟಿಗೆ ಅದು ಸರಿ. ಆದರೆ ಗ್ಯಾಂಬೂಸಿಯಾವನ್ನು ಕೆರೆಗೆ ಬಿಟ್ಟರೆ ನಾಡಮೀನಿನ ಮೊಟ್ಟೆ, ಕಪ್ಪೆಮರಿ ಎಲ್ಲ ಸ್ವಾಹಾ. ಟೈರಿಗಂತೂ ಮೀನು ಬಿಡಲಾಗದು.

ಆ ಶಾಲೆಯ ಟೈರುಗಳಿಗೆ ಕೊನೆಗೆ ಪಂಕ್ಚರ್ ಅಂಗಡಿಯ ಹುಡುಗ ಬಂದು ತಳಕ್ಕೆ ನಾಲ್ಕು ನಾಲ್ಕು ತೂತು ಕೊರೆದುಕೊಟ್ಟ. ಶುಕ್ರವಾರ ಏಳನೇ ತರಗತಿಯವರು ಟಾರ್ಚ್ ಹಿಡಿದು ಸಂಪು, ಸಿಂಟೆಕ್ಸ್, ತಾರಸಿ ಸುತ್ತಿ ಬಂದು, ಎಲ್ಲ ಸರಿಯಿದೆ ಎಂದು ಆಫೀಸಿನ ಕೋಣೆಯಲ್ಲಿ ವರದಿ ಒಪ್ಪಿಸುತ್ತಿದ್ದರು. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಮೇಷ್ಟ್ರ ಮೇಜಿನ ಮೇಲಿದ್ದ ಮನಿಪ್ಲಾಂಟಿನ ಗಾಜಿನ ಬಾಟಲಿಯನ್ನೇ ನೋಡುತ್ತಿದ್ದಳು.

"ಸಾರ್, ಇದ್ರಲ್ಲೂ ಕುಣೀತಾವೆ" ಅಂದಳು.