ಹೆದ್ದಾರಿಯಿಂದ 500 ಮೀಟರ್

ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ಅಂಚಿನಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2016ರ ಡಿಸೆಂಬರ್ 15ರಂದು. ದೂರದ ಜೊತೆಗೆ ಇನ್ನೂ ಕೆಲವು ಷರತ್ತುಗಳಿದ್ದವು: ಅಂಗಡಿ ಹೆದ್ದಾರಿಗೆ ಕಾಣಿಸಬಾರದು, ಹೆದ್ದಾರಿಯಿಂದ ನೇರವಾಗಿ ಅಲ್ಲಿಗೆ ದಾರಿ ಇರಬಾರದು, ‘ಮುಂದೆ ಬಾರ್ ಇದೆ’ ಎಂದು ಸಾರುವ ಫಲಕಗಳನ್ನೂ ಕಿತ್ತುಹಾಕಬೇಕು. ಆಗಲೇ ಪರವಾನಗಿ ಪಡೆದಿದ್ದವರಿಗೆ ಹೆಚ್ಚೆಂದರೆ 2017ರ ಮಾರ್ಚ್ ಕೊನೆಯವರೆಗೆ ಸಮಯ ಸಿಕ್ಕಿತು.

ಈ ಆಲೋಚನೆ ನ್ಯಾಯಾಲಯದಲ್ಲಿ ಹುಟ್ಟಿದ್ದಲ್ಲ. ಹೆದ್ದಾರಿ ಬದಿಯಲ್ಲಿ ಮದ್ಯದಂಗಡಿಗೆ ಅನುಮತಿ ಕೊಡಬಾರದೆಂದು ರಾಷ್ಟ್ರೀಯ ರಸ್ತೆ ಸುರಕ್ಷತಾ ಮಂಡಳಿ 2004ರಲ್ಲೇ ಹೇಳಿತ್ತು. 2007ರಿಂದ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಸುತ್ತೋಲೆಯ ಮೇಲೆ ಸುತ್ತೋಲೆ ಕಳುಹಿಸಿತು. ಆದರೆ ಸಂವಿಧಾನದ ಪ್ರಕಾರ ಮದ್ಯ ರಾಜ್ಯಗಳ ವಿಷಯ, ಅಬಕಾರಿ ಸುಂಕ ರಾಜ್ಯಗಳ ದೊಡ್ಡ ಆದಾಯ. ಹೀಗಾಗಿ ಸುತ್ತೋಲೆಗಳು ಕಡತ ಸೇರಿದವು. ಕೊನೆಗೆ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಮದ್ರಾಸ್ ಹೈಕೋರ್ಟಿನಲ್ಲಿ ವಕೀಲ ಕೆ. ಬಾಲು ಹೋರಾಡಿದರು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನಲ್ಲಿ ಹೋರಾಡಿದವರು, ಅಪಘಾತವೊಂದರಲ್ಲಿ ಬೆನ್ನುಹುರಿಗೆ ಪೆಟ್ಟುಬಿದ್ದು ಗಾಲಿಕುರ್ಚಿ ಹಿಡಿದ ಚಂಡೀಗಡದ ಹರ್ಮನ್ ಸಿಂಗ್ ಸಿಧು. ಆ ಎರಡು ಪ್ರಕರಣಗಳೇ ದೆಹಲಿಯವರೆಗೆ ಬಂದವು.

ಹೆದ್ದಾರಿಯಲ್ಲಿ ಮದ್ಯ ಏಕೆ ಹೆಚ್ಚು ಅಪಾಯಕಾರಿ ಎಂಬುದಕ್ಕೆ ಉತ್ತರ ವೇಗದಲ್ಲಿದೆ. ಗಂಟೆಗೆ 80 ಕಿಲೋಮೀಟರ್ ಓಡುವ ವಾಹನ ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಮುಂದಕ್ಕೆ ಹೋಗುತ್ತದೆ. ಬ್ರೇಕಿನ ಮೇಲೆ ಕಾಲು ಬೀಳುವುದು ಅರ್ಧ ಸೆಕೆಂಡ್ ತಡವಾದರೂ 11 ಮೀಟರ್ ಕೈತಪ್ಪಿದಂತೆ. ಮದ್ಯ ಮೊದಲು ಕೆಡಿಸುವುದು ಕೈಕಾಲಿನ ಹಿಡಿತವನ್ನಲ್ಲ. ಎದುರಿನ ದೀಪ, ಪಕ್ಕದ ಬೈಕು, ದಾಟಲು ನಿಂತ ಮನುಷ್ಯ, ಇವೆಲ್ಲದರ ಮೇಲೆ ಒಟ್ಟಿಗೆ ಕಣ್ಣಿಡುವ ಶಕ್ತಿಯನ್ನು ಅದು ಮೊದಲು ಕುಗ್ಗಿಸುತ್ತದೆ. ತಾನು ಸರಿಯಾಗಿಯೇ ಇದ್ದೇನೆ ಎಂಬ ಭರವಸೆಯನ್ನು ಮಾತ್ರ ಹೆಚ್ಚಿಸುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲಿನ ಮಿತಿ ಹಾಕಿರುವುದು ಈ ಕಾರಣಕ್ಕೇ. ಸಾಧಾರಣ ಮೈಕಟ್ಟಿನ ಗಂಡಸು ಒಂದು ಕ್ವಾರ್ಟರ್ ವಿಸ್ಕಿ ಬೇಗಬೇಗ ಕುಡಿದರೆ ಈ ಮಿತಿಯ ಮೂರು ನಾಲ್ಕು ಪಟ್ಟು ಏರಿಬಿಡಬಹುದು. ರಕ್ತದಲ್ಲಿನ ಆಲ್ಕೋಹಾಲನ್ನು ಕರಗಿಸುವ ಕೆಲಸ ಯಕೃತ್ತಿನದು. ಅದರ ವೇಗ 100 ಮಿಲಿ ಲೀಟರ್ ರಕ್ತಕ್ಕೆ ಗಂಟೆಗೆ ಹೆಚ್ಚುಕಡಿಮೆ 15 ಮಿಲಿಗ್ರಾಂ. ಮಜ್ಜಿಗೆ, ನಿಂಬೆಹಣ್ಣು, ಸ್ಟ್ರಾಂಗ್ ಕಾಫಿ, ತಣ್ಣೀರ ಸ್ನಾನ ಯಾವುದೂ ಅದನ್ನು ಚುರುಕುಗೊಳಿಸಲಾರದು. ರಾತ್ರಿ ಹನ್ನೊಂದಕ್ಕೆ ಕುಡಿದು ಮಲಗಿದವನು ಬೆಳಗಿನ ಐದಕ್ಕೆ ಬಸ್ಸು ಓಡಿಸಲು ಹತ್ತಿದರೆ ನಿದ್ದೆ ಮುಗಿದಿರಬಹುದು, ಅಮಲು ಮುಗಿದಿರಬೇಕೆಂದಿಲ್ಲ.

ಕುಡಿದು ನಡೆಯುವವನ ಅಪಾಯ ಚರ್ಚೆಗೆ ಬರುವುದು ಕಡಿಮೆ. ಊರು ಹೆದ್ದಾರಿಯ ಒಂದು ಬದಿಗೆ, ವೈನ್ ಶಾಪ್ ಇನ್ನೊಂದು ಬದಿಗೆ ಇರುವ ಕಡೆ, ಸಂಜೆ ಕೂಲಿ ಮುಗಿಸಿ ಬಂದವರು ಕತ್ತಲಲ್ಲಿ ನಾಲ್ಕು ಪಥ ದಾಟಿ ಹೋಗಿ, ಕುಡಿದ ಮೇಲೆ ಅದೇ ನಾಲ್ಕು ಪಥ ದಾಟಿ ಮರಳಬೇಕು. ಇಂಥವರ ಪಾಲಿಗೆ ಅಂಗಡಿ ಎಲ್ಲಿದೆ ಎಂಬುದು ನಿಜಕ್ಕೂ ಜೀವದ ಪ್ರಶ್ನೆ.

2015ರಲ್ಲಿ ದೇಶದ ರಸ್ತೆಗಳಲ್ಲಿ 1,46,133 ಜನ ಸತ್ತಿದ್ದರು. ಅದರಲ್ಲಿ ಕುಡಿತದ ಲೆಕ್ಕಕ್ಕೆ ಬರೆದದ್ದು ಸಣ್ಣ ಪಾಲು. ರಾಜ್ಯಗಳು ಇದನ್ನೇ ಹಿಡಿದು ವಾದಿಸಿದವು. ಆದರೆ ಕುಡಿತ ದಾಖಲಾದರೆ ವಿಮೆಯ ಹಣಕ್ಕೆ ತೊಡಕಾಗುತ್ತದೆ, ಹಾಗಾಗಿ ನಿಜವಾದ ಸಂಖ್ಯೆ ಕಾಗದಕ್ಕೆ ಬರುವುದಿಲ್ಲ ಎಂಬ ನ್ಯಾಯಾಲಯದ ಮಾತಿನಲ್ಲಿ ಹುರುಳಿತ್ತು.

ತೀರ್ಪಿನ ನಂತರ ನಡೆದದ್ದು ಬೇರೆಯೇ ಕಥೆ. ಚಂಡೀಗಡ ಆಡಳಿತ ತನ್ನ ರಾಜ್ಯ ಹೆದ್ದಾರಿಗಳನ್ನು ಜಿಲ್ಲಾ ಮುಖ್ಯರಸ್ತೆಗಳೆಂದು ಮರುನಾಮಕರಣ ಮಾಡಿತು. ಅದೇ ಡಾಂಬರು, ಅದೇ ವಾಹನ, ಹೆಸರು ಮಾತ್ರ ಹೊಸದು. ಇನ್ನೂ ಕೆಲವು ರಾಜ್ಯಗಳು ಅದೇ ದಾರಿ ಹಿಡಿದವು. ಪಂಜಾಬ್ ಕಾಯ್ದೆಯನ್ನೇ ತಿದ್ದಿ ಹೋಟೆಲು, ರೆಸ್ಟೋರೆಂಟುಗಳಿಗೆ ವಿನಾಯಿತಿ ಕೊಟ್ಟಿತು. ಕೇರಳದ ಉತ್ತರ ಪರವೂರಿನ ಬಾರೊಂದು ಬಾಗಿಲ ಮುಂದೆ ಅಂಕುಡೊಂಕಿನ ಗೋಡೆದಾರಿ ಕಟ್ಟಿತು. ಗಿರಾಕಿ ಅದರಲ್ಲಿ ಸುತ್ತಿ ಸುತ್ತಿ ನಡೆದು ಒಳಹೋಗುವಷ್ಟರಲ್ಲಿ 500 ಮೀಟರ್ ಲೆಕ್ಕ ಸರಿಹೋಗುತ್ತಿತ್ತು!

ಕರ್ನಾಟಕದಲ್ಲಿ ದೂರದ ನಿಯಮ ಹೊಸತಲ್ಲ. 1967ರ ಅಬಕಾರಿ ಪರವಾನಗಿ ನಿಯಮಗಳು ಹೆದ್ದಾರಿಯ ಮಧ್ಯಭಾಗದಿಂದ 220 ಮೀಟರ್ ಅಂತರ ಕೇಳುತ್ತವೆ; ನಗರ, ಪಟ್ಟಣಗಳ ಒಳಗೆ ಹಾಯುವ ಭಾಗಕ್ಕೆ ಮಾತ್ರ ವಿನಾಯಿತಿ. 500 ಮೀಟರ್ ಆದೇಶ ಆ ವಿನಾಯಿತಿಯನ್ನು ಲೆಕ್ಕಿಸಲಿಲ್ಲ. ಮಾರ್ಚ್ ಕೊನೆಯ ಗಡುವನ್ನು ನ್ಯಾಯಾಲಯ ಆಮೇಲೆ ಸಡಿಲಿಸಿದ್ದರಿಂದ, ಅಬಕಾರಿ ವರ್ಷ ಜೂನ್ 30ಕ್ಕೆ ಮುಗಿಯುವ ರಾಜ್ಯಕ್ಕೆ ಪೆಟ್ಟು ಬಿದ್ದದ್ದು 2017ರ ಜುಲೈ 1ರಂದು. ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಬಾರುಗಳು ಕೆಲಕಾಲ ಬಾಗಿಲು ಹಾಕಿದವು. ಮೆಟ್ರೋ ಇಳಿದು ನಡೆದು ಬರುವವರ ಬೀದಿಯೂ ಲಾರಿಗಳ ಹೆದ್ದಾರಿಯೂ ಒಂದೇ ಅಳತೆಪಟ್ಟಿಗೆ ಸಿಕ್ಕಿದ್ದು ಆದೇಶದ ದೊಡ್ಡ ದೌರ್ಬಲ್ಯ.

ನ್ಯಾಯಾಲಯವೇ ಮೆಲ್ಲಗೆ ಹಗ್ಗ ಸಡಿಲಿಸಿತು. 2017ರ ಮಾರ್ಚ್ 31ರಂದು, 20,000ಕ್ಕಿಂತ ಹೆಚ್ಚು ಜನರಿಲ್ಲದ ಊರುಗಳಲ್ಲಿ ಅಂತರವನ್ನು 220 ಮೀಟರಿಗೆ ಇಳಿಸಿತು. ಗುಡ್ಡಗಾಡಿನ ಸಿಕ್ಕಿಂ, ಮೇಘಾಲಯಗಳಿಗೆ ರಿಯಾಯಿತಿ ಕೊಟ್ಟಿತು. ಅದೇ ವರ್ಷದ ಜುಲೈನಲ್ಲಿ ಪುರಸಭೆ, ನಗರಸಭೆಗಳ ವ್ಯಾಪ್ತಿಗೆ ನಿಷೇಧ ಅನ್ವಯಿಸದು ಎಂದಿತು. 2018ರ ಫೆಬ್ರವರಿಯಲ್ಲಿ, ಬೆಳೆದ ಪಂಚಾಯಿತಿ ಪ್ರದೇಶಗಳ ವಿಷಯವನ್ನು ರಾಜ್ಯಗಳ ತೀರ್ಮಾನಕ್ಕೇ ಬಿಟ್ಟಿತು.

ಉಳಿದದ್ದು ನಿರ್ಜನ ಹೆದ್ದಾರಿಗಳ ಮೇಲಿನ ನಿರ್ಬಂಧ. ಅದಕ್ಕೆ ಬೆಲೆಯಿಲ್ಲವೆಂದಲ್ಲ. ಕುಡಿಯುವ ಯೋಚನೆಯೇ ಇಲ್ಲದ ಚಾಲಕನಿಗೆ ಬೋರ್ಡು ಕಂಡು ಆಸೆ ಹುಟ್ಟುವುದನ್ನು ಅದು ತಡೆಯುತ್ತದೆ. ಫ್ರಾನ್ಸಿನ 2009ರ ಕಾನೂನು ಹಿಡಿದದ್ದೂ ಇದೇ ಎಳೆ: ಅಲ್ಲಿನ ಪೆಟ್ರೋಲ್ ಬಂಕುಗಳಲ್ಲಿ ಸಂಜೆ ಆರರಿಂದ ಬೆಳಗಿನ ಎಂಟರವರೆಗೆ ಮದ್ಯ ಮಾರುವಂತಿಲ್ಲ, ಫ್ರಿಜ್ಜಿನಲ್ಲಿಟ್ಟ ತಣ್ಣನೆಯ ಮದ್ಯವನ್ನಂತೂ ಯಾವ ಹೊತ್ತಿನಲ್ಲೂ ಮಾರುವಂತಿಲ್ಲ. ತಣ್ಣಗಿನ ಬಿಯರು ಮನೆ ತಲುಪುವವರೆಗೆ ಕಾಯುವುದಿಲ್ಲ ಎಂಬುದು ಅದರ ತರ್ಕ. ಆದರೆ ಬೈಕಿನಲ್ಲಿ ಒಂದು ನಿಮಿಷ ದೂರದ ಅಂಗಡಿ, ಕುಡಿಯಲೇಬೇಕೆಂದು ಹೊರಟವನನ್ನು ತಡೆಯದು. ಪರವಾನಗಿಯಿಲ್ಲದೆ ಗ್ಲಾಸು ಇಡುವ ಢಾಬಾ, ಟೆಟ್ರಾ ಪ್ಯಾಕ್ ಮಾರುವ ಗೂಡಂಗಡಿಗಳಿಗೆ ಅಳತೆಪಟ್ಟಿಯ ಹಂಗೇ ಇಲ್ಲ.

ಕುಡಿದವನನ್ನು ತಡೆಯುವುದು ಸಿಕ್ಕಿಬೀಳುವ ಭಯ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯ 1982ರಲ್ಲಿ ಯಾವುದೇ ಚಾಲಕನನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ಉಸಿರು ಪರೀಕ್ಷಿಸುವ ಪದ್ಧತಿ ತಂದ ಮೇಲೆ ಅಲ್ಲಿನ ರಸ್ತೆ ಸಾವುಗಳು ಗಣನೀಯವಾಗಿ ಇಳಿದವು. ನಮ್ಮಲ್ಲಿ 2019ರ ತಿದ್ದುಪಡಿ ಮೊದಲ ತಪ್ಪಿನ ದಂಡವನ್ನು 10,000 ರೂಪಾಯಿಗೆ, ಎರಡನೆಯದನ್ನು 15,000ಕ್ಕೆ ಏರಿಸಿದೆ. ಆದರೆ ತಪಾಸಣೆ ಹೆಚ್ಚಾಗಿ ನಗರದ ವಾರಾಂತ್ಯದ ರಾತ್ರಿಗಳಿಗೆ ಸೀಮಿತ. ಜಿಲ್ಲೆಗಳ ನಡುವಿನ ಹೆದ್ದಾರಿಯಲ್ಲಿ ಅದು ಅಪರೂಪ.

ಅಂಗಡಿಗಳನ್ನು ಹೊಣೆಗೆ ತರುವ ಇನ್ನೊಂದು ಸುಲಭ ಕ್ರಮವೂ ಇದೆ. ಕುಡಿದು ಸಿಕ್ಕಿಬಿದ್ದವನು ಕೊನೆಯದಾಗಿ ಕುಡಿದದ್ದು ಎಲ್ಲಿ ಎಂದು ನ್ಯೂಜಿಲೆಂಡಿನ ಪೊಲೀಸರು ಕೇಳಿ ದಾಖಲಿಸುತ್ತಾರೆ. ಯಾವ ಬಾರಿನ ಹೆಸರು ಮತ್ತೆ ಮತ್ತೆ ಬರುತ್ತದೆಯೋ ಅದರ ಮೇಲೆ ಕಣ್ಣಿಡುತ್ತಾರೆ. ಕರ್ನಾಟಕದ ಪೊಲೀಸ್ ಮತ್ತು ಅಬಕಾರಿ ಇಲಾಖೆಗಳು ಕೂಡಿ ಕೆಲಸ ಮಾಡಿದರೆ ಇಲ್ಲಿಯೂ ಇದು ಸಾಧ್ಯ. ಪ್ರಕರಣದ ನಮೂನೆಯಲ್ಲಿ ಆ ಒಂದು ಪ್ರಶ್ನೆ ಸೇರಿಸುವುದರಿಂದ ಆರಂಭಿಸಬೇಕು.